ನಿದ್ರೆಯ ಮಾತ್ರೆಯನ್ನು ಬಿಡುವವರಿಗೆ ಸಂಗಾತಿಯ ಆಸರೆ

ಹೆಂಡ ಸಾರಾಯಿಗಳ ಕೇಡನ್ನು ಕುರಿತು ನಾವು ಬಹಳ ಸಾರಿ ಕೇಳಿದ್ದೇವೆ. ಆದರೆ ವೈದ್ಯರ ಚೀಟಿಯ ಮೂಲಕ ಮನೆಗೆ ಬರುವ ಮತ್ತೊಂದು ಕಟ್ಟು ಉಂಟು. ಅದರ ವಿಷಯವಾಗಿ ಮಾತಾಡುವವರು ಕಡಿಮೆ.

ಗುಂಡ್ಲುಪೇಟೆಯ ಸುತ್ತಣ ಊರೊಂದರಲ್ಲಿ ಚೆಂಡುಹೂವು ಬೆಳೆಯುವ ಒಂದು ಮನೆಯನ್ನು ಎಣಿಸಿಕೊಳ್ಳಿರಿ. ಸಾಲದ ಚಿಂತೆಯಿಂದ ನಿದ್ರೆಗೆಟ್ಟ ಗಂಡನಿಗೆ ಎರಡು ವಾರಕ್ಕೆಂದು ಮಾತ್ರೆಯನ್ನು ಬರೆದುಕೊಟ್ಟರು. ಸಾಲವು ತೀರಿತು, ಮಾತ್ರೆಯು ತೀರಲಿಲ್ಲ, ಐದು ವರುಷಗಳಾದವು. ಈಗ ಅದನ್ನು ಬಿಡಬೇಕೆಂದು ಇಬ್ಬರಿಗೂ ಮನಸ್ಸುಂಟು. ಹೆಂಡತಿಯು ಏನು ಮಾಡತಕ್ಕದ್ದು? ಇದೇ ಈ ಪಾಠದ ವಿಷಯ.

೧. ಕಟ್ಟು ಬೀಳುವ ಬಗೆ

ಈ ಜಾತಿಯ ಔಷಧಗಳಲ್ಲಿ ಮೊದಲನೆಯದು 1960ರಲ್ಲಿಯೂ, ಡಯಾಜೆಪಾಮ್ ಎಂಬುದು 1963ರಲ್ಲಿಯೂ ಮಾರಾಟಕ್ಕೆ ಬಂದವು. ಅಲ್ಪ್ರಾಜೋಲಾಮ್, ಕ್ಲೋನಾಜೆಪಾಮ್, ಲೋರಾಜೆಪಾಮ್ ಎಂಬವು ಇದೇ ಕುಲದವು. ಮೆದುಳಿನಲ್ಲಿ ಉದ್ರೇಕವನ್ನು ತಗ್ಗಿಸುವ ಗಾಬಾ ಎಂಬ ದ್ರವ್ಯವುಂಟು. ಈ ಮಾತ್ರೆಗಳು ಅದರ ಬಲವನ್ನು ಹೆಚ್ಚಿಸುತ್ತವೆ. ಆದರೆ ದಿನಾಲು ಹೊರಗಿನ ಸಹಾಯವು ದೊರೆತರೆ ಮೆದುಳು ಅದಕ್ಕೆ ಹೊಂದಿಕೊಂಡು ತನ್ನ ಸ್ವಂತ ತಡೆಯನ್ನು ಸಡಿಲಿಸುತ್ತದೆ. ಆದದರಿಂದ ವೈದ್ಯರು ಹೇಳಿದಂತೆಯೇ ತಿಂದವನು ಸಹ ಕಟ್ಟಿಗೆ ಬೀಳಬಹುದು. ಇದು ದುರ್ನಡತೆಯಲ್ಲ, ಇದಕ್ಕಾಗಿ ಅವನನ್ನು ನಾಚಿಸುವದು ನ್ಯಾಯವಲ್ಲ.

ನಮ್ಮ ದೇಶದಲ್ಲಿ 2014ರ ಮಾರ್ಚಿ ತಿಂಗಳಿಂದ ಅಲ್ಪ್ರಾಜೋಲಾಮ್, ಡಯಾಜೆಪಾಮ್ ಮುಂತಾದವು ಎಚ್-1 ಎಂಬ ಪಟ್ಟಿಗೆ ಸೇರಿವೆ. ಚೀಟಿಯಿಲ್ಲದೆ ಇವನ್ನು ಮಾರಕೂಡದು. ಕೊಂಡವರ ಹೆಸರನ್ನು ಅಂಗಡಿಯವನು ಪುಸ್ತಕದಲ್ಲಿ ಬರೆದು 3 ವರುಷ ಇಟ್ಟುಕೊಳ್ಳಬೇಕು. ಹಳೆಯ ಚೀಟಿಯನ್ನೇ ತೋರಿಸಿ ಕೊಳ್ಳುವ ವಾಡಿಕೆಯು ಸರಿಯಲ್ಲ.

೨. ಅವಸರದ ಅಪಾಯ

ಮಾತ್ರೆಯು ಕೆಟ್ಟದ್ದೆಂದು ತಿಳಿದ ಕೂಡಲೆ ಅದನ್ನು ಒಲೆಗೆ ಹಾಕಬೇಕೆಂದು ತೋಚುವದು ಸಹಜ. ಆದರೆ ಪ್ರೀತಿಯಿಂದ ಹುಟ್ಟಿದ ಈ ಅವಸರವು ಪ್ರಾಣಕ್ಕೆ ಅಪಾಯವಾದೀತು. ಯಾಕಂದರೆ ಬಹುಕಾಲ ತಿಂದದ್ದನ್ನು ಒಮ್ಮೆಲೆ ನಿಲ್ಲಿಸಿದರೆ ಸೆಳವು ಬರಬಹುದು, ಬುದ್ಧಿಭ್ರಮೆಯಾಗಬಹುದು, ಮರಣವೂ ಸಂಭವಿಸಬಹುದು.

ಗುಂಡ್ಲುಪೇಟೆಯಿಂದ ವಯನಾಡನ್ನು ದಾಟಿ ಕೋಳಿಕ್ಕೋಡಿಗೆ ಹೋಗುವ ದಾರಿಯಲ್ಲಿ ತಾಮರಶ್ಶೇರಿ ಘಟ್ಟವುಂಟು. ಅದರ 9 ತಿರುವುಗಳನ್ನು ಒಂದೊಂದಾಗಿಯೇ ಇಳಿಯಬೇಕು. ಕೆಳಗಿನ ಊರು ಕಾಣುತ್ತದೆಂದು ಯಾವ ಚಾಲಕನೂ ಗಾಡಿಯನ್ನು ನೇರವಾಗಿ ಬಿಡನು. ಮಾತ್ರೆಯನ್ನು ಇಳಿಸುವದೂ ಹಾಗೆಯೇ. 2025ರಲ್ಲಿ ಅಮೆರಿಕದ ವೈದ್ಯ ಸಂಘಗಳು ಕೂಡಿ ಹೊರಡಿಸಿದ ಸೂಚನೆಯ ಪ್ರಕಾರ, ಮೊದಲು 2ರಿಂದ 4 ವಾರಗಳಿಗೊಮ್ಮೆ ನೂರಕ್ಕೆ 5ರಿಂದ 10 ಪಾಲನ್ನು ತಗ್ಗಿಸುವದನ್ನು ಆಲೋಚಿಸಬೇಕು. ಸಾಮಾನ್ಯವಾಗಿ 2 ವಾರಗಳಲ್ಲಿ ನೂರಕ್ಕೆ 25 ಪಾಲನ್ನು ಮೀರಬಾರದು. ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ 1982ರಿಂದ 1994ರ ವರೆಗೆ ಇಂಥ ರೋಗಿಗಳಿಗಾಗಿ ಚಿಕಿತ್ಸಾಲಯವನ್ನು ನಡಿಸಿದ ಹೆದರ್ ಆಷ್ಟನ್ ಎಂಬ ವೈದ್ಯೆಯೂ ನಿಧಾನವನ್ನೇ ಕಲಿಸಿದರು. ಅಳತೆಯನ್ನು ಗೊತ್ತುಮಾಡುವದು ವೈದ್ಯರ ಕೆಲಸ, ಮನೆಯವರದ್ದಲ್ಲ.

೩. ಸಂಗಾತಿಯು ಮಾಡತಕ್ಕವು

ಮೊದಲನೆಯದು, ಮಾತ್ರೆಯನ್ನು ಬಚ್ಚಿಡಬಾರದು, ಗುಟ್ಟಾಗಿ ತುಂಡುಮಾಡಬಾರದು. ಒಂದು ವಾರದ ಮಾತ್ರೆಗಳನ್ನು ಎಣಿಸಿ ಡಬ್ಬಿಯಲ್ಲಿಡುವ ಕೆಲಸವನ್ನು ವಹಿಸಿಕೊಳ್ಳುವದಾದರೆ ಅದು ಆತನ ಒಪ್ಪಿಗೆಯಿಂದಲೇ ಆಗಲಿ. ಕಾವಲುಗಾರಳಾದ ಹೆಂಡತಿಗೆ ಗಂಡನು ನಿಜವನ್ನು ಹೇಳನು.

ಎರಡನೆಯದು, ಮಾತುಗಳನ್ನು ತೂಗಿ ಆಡಬೇಕು. ಮಾತ್ರೆಯು ತಗ್ಗಿದಂತೆ ನಿದ್ರೆ ಕೆಡುವದು, ಕೈ ನಡುಗುವದು, ಬೆವರು, ಎದೆಬಡಿತ, ಸಿಡುಕು, ಬೆಳಕನ್ನೂ ಶಬ್ದವನ್ನೂ ತಾಳಲಾರದಿರುವದು ಉಂಟಾಗಬಹುದು. “ಇದೆಲ್ಲಾ ನಿನ್ನ ಭ್ರಮೆ” ಎಂದಾಗಲಿ, “ಗಾಳಿ ಸೋಕಿದೆ” ಎಂದಾಗಲಿ ಹೇಳಬೇಡಿರಿ. “ಕಷ್ಟವಾಗುತ್ತಿದೆಯೆಂದು ನನಗೆ ಗೊತ್ತು, ನಾನು ಇಲ್ಲಿಯೇ ಇದ್ದೇನೆ” ಎಂದರೆ ಸಾಕು.

ಮೂರನೆಯದು, ಹತ್ತು ದಿನ ಚೆನ್ನಾಗಿದ್ದು ಮರುದಿನ ಮತ್ತೆ ಕುಸಿದರೆ, ಪಟ್ಟ ಶ್ರಮವೆಲ್ಲಾ ವ್ಯರ್ಥವಾಯಿತೆಂದು ಎಣಿಸಬಾರದು. ಈ ಬಾಧೆಯು ಅಲೆ ಅಲೆಯಾಗಿ ಬರುವದುಂಟು. ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ದಿನದ ಅಳತೆಯನ್ನೂ ನಿದ್ರೆಯನ್ನೂ ಚಿಕ್ಕ ಪುಸ್ತಕದಲ್ಲಿ ಬರೆದು ವೈದ್ಯರಿಗೆ ತೋರಿಸಿರಿ. ಬಾಧೆಯು ಮೀರಿದರೆ ಅವರು ಇಳಿತವನ್ನು ಕೆಲವು ಕಾಲ ನಿಲ್ಲಿಸಬಹುದು.

ನಾಲ್ಕನೆಯದು, ನಿದ್ರೆ ಬಾರದೆಂದು ಮದ್ಯವನ್ನಾಗಲಿ ನೆರೆಯವರ ಮಾತ್ರೆಯನ್ನಾಗಲಿ ಕೊಡಬಾರದು; ಮದ್ಯವೂ ಈ ಮಾತ್ರೆಯೂ ಕೂಡಿದರೆ ಉಸಿರೇ ನಿಲ್ಲಬಹುದು. ಸಂಜೆಯ ಕಾಫಿಯನ್ನು ಬಿಡುವದು ಒಳ್ಳೇದು.

ಐದನೆಯದು, ಆಸರೆಯಾದ ಕಂಬಕ್ಕೂ ಅಡಿಪಾಯವು ಬೇಕು. ರಾತ್ರಿಯೆಲ್ಲಾ ಎಚ್ಚತ್ತು ಹಗಲೆಲ್ಲಾ ಹೊಲದಲ್ಲಿ ದುಡಿಯುವ ಹೆಂಡತಿಯು ಹೆಚ್ಚುಕಾಲ ನಿಲ್ಲಲಾರಳು. ನಂಬಿಗಸ್ತರಾದ ಒಬ್ಬಿಬ್ಬರಿಗೆ ವಿಷಯವನ್ನು ತಿಳಿಸಿ ಕೆಲಸವನ್ನು ಹಂಚಿಕೊಳ್ಳಲಿ. ಸಿಡುಕನ್ನು ತಾಳುವದು ಬೇರೆ, ಹೊಡೆತವನ್ನು ತಾಳುವದು ಬೇರೆ. ಎರಡನೆಯದನ್ನು ಯಾರೂ ತಾಳಬೇಕಾಗಿಲ್ಲ.

೪. ತಡಮಾಡಬಾರದ ಸಮಯ

ಸೆಳವು ಬಂದರೆ ರೋಗಿಯನ್ನು ಪಕ್ಕಕ್ಕೆ ಮಲಗಿಸಿರಿ. ಬಾಯಿಗೆ ಏನೂ ತುರುಕಬೇಡಿರಿ. ಕೈಗೆ ಕಬ್ಬಿಣವನ್ನು ಕೊಡುವದರಿಂದ ಫಲವಿಲ್ಲ. ಕೂಡಲೆ 108ಕ್ಕೆ ಕರೆಮಾಡಿರಿ. ಗುರುತು ತಪ್ಪಿ ಮಾತಾಡಿದರೂ, ಇಲ್ಲದ್ದನ್ನು ಕಂಡರೂ, ಸಾಯಬೇಕೆಂದು ಹೇಳಿದರೂ ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಸಹಾಯವು ದೂರವಿಲ್ಲ. ಚಾಮರಾಜನಗರದಲ್ಲಿ ಸರಕಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯುಂಟು. ಗುಂಡ್ಲುಪೇಟೆಯಿಂದ ಮೈಸೂರು ಸುಮಾರು 60 ಕಿಲೋಮೀಟರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥ ಕಟ್ಟುಗಳನ್ನು ಬಿಡಿಸುವದಕ್ಕೆ ಪ್ರತ್ಯೇಕ ವಿಭಾಗವಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ಸೇವೆಯಲ್ಲಿ 14416ಕ್ಕೆ ಕರೆಮಾಡಿದರೆ ಹಣವಿಲ್ಲದೆ, ಹಗಲೂ ರಾತ್ರಿಯೂ, ಕನ್ನಡದಲ್ಲಿಯೇ ಮಾತಾಡಬಹುದು. ರೋಗಿಯಲ್ಲದೆ ಸಂಗಾತಿಯೂ ಕರೆಮಾಡಬಹುದು.

ಮನೆಯಲ್ಲಿ ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು

1. ನಮ್ಮ ಮನೆಯಲ್ಲಿ ಯಾರಾದರೂ ನಿದ್ರೆಯ ಮಾತ್ರೆಯನ್ನು ತಿನ್ನುತ್ತಾರೋ? ಎಷ್ಟು ಕಾಲದಿಂದ?
2. ಒಮ್ಮೆಲೆ ನಿಲ್ಲಿಸಿದರೆ ಏನಾಗಬಹುದು?
3. ಇಳಿತದ ಅಳತೆಯನ್ನು ಯಾರು ಗೊತ್ತುಮಾಡಬೇಕು?
4. ಕಾವಲಿಗೂ ಆಸರೆಗೂ ಭೇದವೇನು?
5. ನೆರೆಮನೆಯವರು ಈ ಕಷ್ಟದಲ್ಲಿದ್ದರೆ, ನಾವು ಈ ವಾರ ಅವರ ಯಾವ ಕೆಲಸವನ್ನು ಹೊತ್ತುಕೊಳ್ಳಬಹುದು?