ತರಬೇತಿಗೆ ಬಂದವರ ಕೈಗೆ ಮೀಟರ್ ಕೊಡಿ

ಮೆಡಿಕಲ್ ಫಿಸಿಕ್ಸ್ ಓದು ಮುಗಿಸಿದವರೊಬ್ಬರು ನಿಮ್ಮ ಆಸ್ಪತ್ರೆಯ ರೇಡಿಯೊಥೆರಪಿ ವಿಭಾಗಕ್ಕೆ ಇಂಟರ್ನ್ ಆಗಿ ಬರುತ್ತಿದ್ದಾರೆಯೇ? ಹಾಗಾದರೆ ಅವರ ಹೆಸರಿನ ಟಿಎಲ್‌ಡಿ ಬ್ಯಾಡ್ಜ್‌ಗೆ ಮುಂಚೆಯೇ ವ್ಯವಸ್ಥೆ ಮಾಡಿ. ಸದ್ಯಕ್ಕೆಂದು ಬೇರೆಯವರದ್ದನ್ನು ಕೊಟ್ಟರೆ ಇಬ್ಬರ ಲೆಕ್ಕವೂ ಕೆಡುತ್ತದೆ. ಬ್ಯಾಡ್ಜ್ ಎದೆಯ ಮಟ್ಟದಲ್ಲಿರಲಿ. ಸೀಸದ ಏಪ್ರನ್ ತೊಟ್ಟರೆ ಅದರೊಳಗೆ.

ಮೊದಲ ವಾರವೇ ಸರ್ವೆ ಮೀಟರ್ ಕೈಗೆ ಕೊಡಿ. ಬ್ಯಾಟರಿ ಸರಿಯಿದೆಯೇ, ಕ್ಯಾಲಿಬ್ರೇಷನ್ ಅವಧಿ ಮೀರಿದೆಯೇ ಎಂದು ಅವರೇ ನೋಡಲಿ. ಕನ್ಸೋಲ್ ಬಳಿ, ಬಾಗಿಲ ಸಂದಿನಲ್ಲಿ, ರೋಗಿಗಳು ಕಾಯುವ ಜಾಗದಲ್ಲಿ ರೀಡಿಂಗ್ ತೆಗೆದು, ರಿಜಿಸ್ಟರಿನಲ್ಲಿ ಬರೆದು, ಸಹಿ ಹಾಕಲಿ. ನೀವು ಪಕ್ಕದಲ್ಲೇ ಇರಿ, ಆದರೆ ಮೀಟರ್ ಕಸಿದುಕೊಳ್ಳಬೇಡಿ. ಬಾಗಿಲು ತೆರೆದೊಡನೆ ಬೀಮ್ ನಿಲ್ಲುತ್ತದೆಯೇ ಎಂಬ ಇಂಟರ್‌ಲಾಕ್ ಪರೀಕ್ಷೆಯನ್ನೂ, ತುರ್ತು ಸಂದರ್ಭದ ಅಣಕು ಕಾರ್ಯಾಚರಣೆಯನ್ನೂ ನಿಮ್ಮೆದುರೇ ಮಾಡಿಸಿ.

ಎಇಆರ್‌ಬಿ ನಿಯಮದಂತೆ ವಿಕಿರಣ ಕೆಲಸಗಾರರ ಡೋಸ್ 5 ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು. ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಮಿತಿಯೊಳಗಿದ್ದರೆ ಸಾಕೆಂದು ಕಲಿಸಬೇಡಿ. ದೂರ ಎರಡು ಪಟ್ಟಾದರೆ ಡೋಸ್ ಕಾಲುಭಾಗಕ್ಕೆ ಇಳಿಯುವುದನ್ನು ಮೀಟರಿನಲ್ಲೇ ತೋರಿಸಿ.

ಕೊನೆಯದಾಗಿ, ಅನುಮಾನ ಬಂದರೆ ಕೆಲಸ ನಿಲ್ಲಿಸಿ ಎನ್ನುವ ಹಕ್ಕು ಕಲಿಯುವವರಿಗೂ ಇದೆ ಎಂದು ಮೊದಲ ದಿನವೇ ಎಲ್ಲರೆದುರು ಹೇಳಿಬಿಡಿ.