ರಿಪೋರ್ಟ್ ನಾರ್ಮಲ್, ಅಮ್ಮನ ಹೊಟ್ಟೆನೋವು ನಿಂತಿಲ್ಲ

ಪ್ರಶ್ನೆ: ಅಮ್ಮನಿಗೆ 63 ವರ್ಷ, ಸಕ್ಕರೆ ಕಾಯಿಲೆ ಇದೆ. ಎರಡು ವರ್ಷದಿಂದ ಊಟವಾದ ಅರ್ಧ ಗಂಟೆಗೆ ಮೇಲ್ಹೊಟ್ಟೆ ನೋಯುತ್ತದೆ. ಎಂಡೋಸ್ಕೋಪಿ, ಅಲ್ಟ್ರಾಸೌಂಡ್ ನಾರ್ಮಲ್. ಗ್ಯಾಸ್ ಮಾತ್ರೆ ನಾಟುತ್ತಿಲ್ಲ. ಆರು ತಿಂಗಳಲ್ಲಿ 7 ಕಿಲೋ ಇಳಿದಿದ್ದಾರೆ. ಮುಂದೇನು?

ಉತ್ತರ: ತೂಕದ ವಿಷಯವನ್ನು ನೀವು ಕೊನೆಯಲ್ಲಿ ಬರೆದಿದ್ದೀರಿ, ನನಗೆ ಅದೇ ಮುಖ್ಯ. ಇದನ್ನು ಗ್ಯಾಸ್ಟ್ರಿಕ್ ಎಂದು ಬಿಡಬೇಡಿ. ಈ ವಾರವೇ ಗ್ಯಾಸ್ಟ್ರೋಎಂಟರಾಲಜಿಸ್ಟ್ ಬಳಿ ಕರೆದೊಯ್ಯಿರಿ.

ಎಂಡೋಸ್ಕೋಪಿ ಅನ್ನನಾಳ, ಜಠರ, ಸಣ್ಣ ಕರುಳಿನ ಆರಂಭವನ್ನಷ್ಟೇ ತೋರಿಸುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಕರುಳಿನ ಗಾಳಿ ಅಡ್ಡ ಬಂದು ಮೇದೋಜೀರಕ ಗ್ರಂಥಿ ಸರಿಯಾಗಿ ಕಾಣದಿರಬಹುದು. ಹಾಗಾಗಿ ಕಾಂಟ್ರಾಸ್ಟ್ ಸಿಟಿ ಸ್ಕ್ಯಾನ್ ಬೇಕೇ ಎಂದು ಕೇಳಿ. ನೋವಿಗೆ ಹೆದರಿ ಅಮ್ಮ ಊಟವನ್ನೇ ಕಡಿಮೆ ಮಾಡಿದ್ದಾರೆಯೇ? ಹಾಗಿದ್ದರೆ ಕರುಳಿಗೆ ಹೋಗುವ ರಕ್ತನಾಳ ಕಿರಿದಾಗಿರುವ ಸಾಧ್ಯತೆಯನ್ನೂ ನೋಡಬೇಕು; ಅದಕ್ಕೆ ಸಿಟಿ ಆಂಜಿಯೋಗ್ರಾಮ್. ಎರಡಕ್ಕೂ ಮೊದಲು ಕಿಡ್ನಿ ನೋಡಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ತಿಳಿಸಿ. ಇಸಿಜಿಯೂ ಆಗಲಿ, ಹೃದಯದ ನೋವು ಮೇಲ್ಹೊಟ್ಟೆಯಲ್ಲಿ ಕಾಣಿಸಿಕೊಳ್ಳುವುದುಂಟು.

ಹಳೆಯ ರಿಪೋರ್ಟ್‌ಗಳನ್ನು ತಾರೀಖಿನಂತೆ ಜೋಡಿಸಿಕೊಳ್ಳಿ. ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ತಂದದ್ದಿದ್ದರೆ ಅದೂ ಅದರಲ್ಲಿರಲಿ. ಕೆಲವು ನೋವಿನ ಮಾತ್ರೆಗಳಿಂದ ಜಠರದಲ್ಲಿ ಹುಣ್ಣಾಗಬಹುದು. ಅಮ್ಮಂದಿರು ಇಂಥದ್ದನ್ನು ಹೇಳುವುದಿಲ್ಲ, ಮೆತ್ತಗೆ ಕೇಳಿ.

ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ನೋವಿನ ಜೊತೆ ಬೆವರು, ಉಸಿರಾಟದ ತೊಂದರೆ ಕಂಡರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ 108ಕ್ಕೆ ಕರೆ ಮಾಡಿ. ಕಣ್ಣು ಹಳದಿಯಾದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಎಲ್ಲವೂ ನಾರ್ಮಲ್ ಬಂದರೂ ನೋವು ಸುಳ್ಳಲ್ಲ. ಜಠರದ ಚಲನೆಯ ಏರುಪೇರು, ನರಗಳ ಸೂಕ್ಷ್ಮತೆಯಿಂದಲೂ ಹೀಗಾಗುತ್ತದೆ, ಅದಕ್ಕೆ ಬೇರೆಯದೇ ಔಷಧಿಗಳಿವೆ.