ಅಜ್ಜಿ ನಕ್ಕಿದ್ದೆಲ್ಲಿ, ನಾವು ನಕ್ಕಿದ್ದೆಲ್ಲಿ?

ಹೋದ ಸೆಮಿಸ್ಟರ್ ರಜೆಯಲ್ಲಿ ನಾವು ಐದು ಜನ ಊರ್ಡಿಗೆರೆಗೆ ಹೋಗಿದ್ವಿ. ನಮ್ಮ ಗ್ಯಾಂಗಿನ ಒಬ್ಬನ ಊರದು. ಬೆಳಗ್ಗೆ ದೇವರಾಯನದುರ್ಗದ ಬೆಟ್ಟ ಹತ್ತಿ ಇಳಿದು, ಮಧ್ಯಾಹ್ನ ಅವನ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು ಉಂಡು, ಸಂಜೆ ಲ್ಯಾಪ್‌ಟಾಪಿನಲ್ಲಿ ‘ತಿಥಿ’ ಸಿನಿಮಾ ಹಾಕಿದ್ವಿ. ಅವನ ಅಜ್ಜಿ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಬಿಡಿಸುತ್ತಾ ನಮ್ಮ ಹಿಂದೆಯೇ ಕೂತಿದ್ದರು.

ಸಿನಿಮಾ ಮುಗಿಯೋದರೊಳಗೆ ಮೂರು ಸಲ ಒಂದೇ ತರಹದ ವಿಚಿತ್ರ ಆಯ್ತು.

ಮೊದಲನೇ ಸಲ: ಗಡ್ಡಪ್ಪ ಅನ್ನೋ ಮುದುಕನಿಗೆ ಅಪ್ಪ ಸತ್ತ ಸುದ್ದಿ ಮುಟ್ಟುತ್ತೆ. ಅಳು ಇಲ್ಲ, ಗಾಬರಿ ಇಲ್ಲ. ಸಾವಿನ ವಿಷಯ ಅಂತ ನಾವು ಗಂಭೀರವಾಗಿ ಕೂತಿದ್ರೆ, ಹಿಂದಿನಿಂದ ಅಜ್ಜಿ ಕಿಸಕ್ಕನೆ ನಕ್ಕರು.

ಎರಡನೇ ಸಲ: ಪಾತ್ರಗಳು ಮಂಡ್ಯದ ಕಡೆಯ ಮಾತಿನಲ್ಲಿ ಬಾಯಿ ಬಿಟ್ಟಾಗೆಲ್ಲ ನಾವು ನಕ್ವಿ. ಅಜ್ಜಿಗೆ ಅದರಲ್ಲಿ ತಮಾಷೆ ಏನೂ ಕಾಣಲಿಲ್ಲ. “ಸರ್ಯಾಗೇ ಮಾತಾಡ್ತಾವ್ರಲ್ಲ” ಅಂದರು.

ಮೂರನೇ ಸಲ: ಗಡ್ಡಪ್ಪ ಬದುಕಿರುವಾಗಲೇ ಅವನ ಮಗ ತಮ್ಮಣ್ಣ ಅಪ್ಪನ ಹೆಸರಲ್ಲಿ ಮರಣ ಪತ್ರ ಮಾಡಿಸೋಕೆ ಓಡಾಡ್ತಾನೆ. ನಾವು ಬಿದ್ದು ಬಿದ್ದು ನಕ್ವಿ. ಅಜ್ಜಿಯ ಕೈ ನಿಂತುಹೋಯಿತು. “ಅದ್ರಾಗೆ ನಗಾದೇನೈತ್ರಪ್ಪ?” ಅಂದರು.

ಒಂದೇ ಸಿನಿಮಾ, ಒಂದೇ ಪರದೆ, ಒಂದೇ ಹೊತ್ತು. ಹಾಗಿದ್ರೆ ನಗು ಯಾಕೆ ಬೇರೆ ಬೇರೆ ಕಡೆ ಬಂತು? ವಾಪಸ್ ಬಂದ ಮೇಲೆ ನಾವು ಹಾಸ್ಯದ ಸಿದ್ಧಾಂತಗಳನ್ನು ಓದೋಕೆ ಶುರು ಮಾಡಿದ್ದು ಈ ಪ್ರಶ್ನೆಯಿಂದ. ಓದಿದ್ದನ್ನು ಮೂರು ಪ್ರಶ್ನೆಗಳಾಗಿ ಮಾಡಿಕೊಂಡಿದ್ದೀವಿ. ಮೂರಕ್ಕೂ ಉತ್ತರ ಆ ಸಂಜೆಯಲ್ಲೇ ಇತ್ತು.

ಮೊದಲು ಸಿನಿಮಾದ ಬಗ್ಗೆ ಎರಡು ಮಾತು. ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು; ಕನ್ನಡದ ಅತ್ಯುತ್ತಮ ಚಿತ್ರ ಅನ್ನೋ ರಾಷ್ಟ್ರ ಪ್ರಶಸ್ತಿಯೂ ಬಂತು. 2016ರಲ್ಲಿ ಇಲ್ಲಿನ ಥಿಯೇಟರ್‌ಗಳಿಗೆ ಬಂತು. 101 ವರ್ಷದ ಸೆಂಚುರಿ ಗೌಡ ದಾರಿಯಲ್ಲಿ ಹೋಗಿಬರುವವರನ್ನೆಲ್ಲ ಬೈಯುತ್ತಾ ಕೂತಿದ್ದು, ಎದ್ದು ನಾಲ್ಕು ಹೆಜ್ಜೆ ಹೋಗಿ ಬಿದ್ದು ಸಾಯ್ತಾನೆ. ಅಲ್ಲಿಂದ ಹನ್ನೊಂದನೇ ದಿನದ ತಿಥಿಯವರೆಗೆ ಅವನ ಮಗ, ಮೊಮ್ಮಗ, ಮರಿಮಗ ಏನೇನು ಮಾಡ್ತಾರೆ ಅನ್ನೋದೇ ಕಥೆ.

ಮೊದಲ ಪ್ರಶ್ನೆ: ಯಾರಿಗಿಂತ ಮೇಲೆ ನಿಂತು ನಗ್ತಿದ್ದೀವಿ?

ಇದು ಮೇಲ್ಮೆಯ ಸಿದ್ಧಾಂತ. ಪ್ಲೇಟೊ, ಅರಿಸ್ಟಾಟಲ್ ಕಾಲದಿಂದಲೂ ಇದರ ಸುಳಿವು ಇದೆ. ಇಂಗ್ಲೆಂಡಿನ ಥಾಮಸ್ ಹಾಬ್ಸ್ 1651ರ ‘ಲೆವಯಥನ್’ ಪುಸ್ತಕದಲ್ಲಿ ಇದನ್ನು ನೇರವಾಗಿ ಹೇಳಿದ: ಇನ್ನೊಬ್ಬನಲ್ಲಿ ಒಂದು ಕೊರತೆ ಕಂಡಾಗ, ‘ನಾನು ಹಾಗಿಲ್ಲವಲ್ಲ’ ಅಂತ ಒಳಗೆ ದಿಢೀರನೆ ಏಳುವ ಹೆಮ್ಮೆಯೇ ನಗು. ಬಾಳೆಹಣ್ಣಿನ ಸಿಪ್ಪೆ ಮೇಲೆ ಜಾರಿದವನನ್ನು ನೋಡಿ ನಗೋದು ಈ ಜಾತಿಯದು. ತೊದಲುವವರು, ದಪ್ಪಗಿರುವವರು, ಕಿವಿ ಕೇಳದವರನ್ನು ಇಟ್ಟುಕೊಂಡು ಮಾಡಿದ ನಮ್ಮ ಎಷ್ಟೋ ಕಾಮಿಡಿ ಟ್ರ್ಯಾಕ್‌ಗಳೂ ಅಷ್ಟೇ.

ಈಗ ಆ ಎರಡನೇ ವಿಚಿತ್ರಕ್ಕೆ ಬನ್ನಿ. ‘ತಿಥಿ’ಯಲ್ಲಿ ನಟಿಸಿದವರು ವೃತ್ತಿನಟರಲ್ಲ, ಆ ಕಡೆಯ ಹಳ್ಳಿಯವರೇ. ಅವರು ಆಡಿದ್ದು ಅವರ ಮನೆಮಾತು. ನಿರ್ದೇಶಕ ಅಲ್ಲಿ ಜೋಕ್ ಇಟ್ಟಿರಲೇ ಇಲ್ಲ. ಇಲ್ಲದ ಜೋಕಿಗೆ ನಾವು ನಕ್ಕಿದ್ದು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಕನ್ನಡ ಸಿನಿಮಾವನ್ನೂ ಸಬ್‌ಟೈಟಲ್ ಹಾಕ್ಕೊಂಡು ನೋಡುವ ನಮಗೆ ಆ ಭಾಷೆಯೇ ಒಂದು ಕಾಮಿಡಿ ವೇಷದ ಹಾಗೆ ಕೇಳಿಸಿತು.

ಅವತ್ತು ರಾತ್ರಿ ಗೆಳೆಯ ಒಂದು ವಿಷಯ ಹೇಳಿದ. ಫಸ್ಟ್ ಇಯರ್‌ನಲ್ಲಿ ಅವನು ಕ್ಲಾಸಿನ ಮುಂದೆ ನಿಂತು ಏನೋ ವಿವರಿಸುವಾಗ ಬಾಯಿತಪ್ಪಿ ‘ಐತೆ’ ಅಂದಿದ್ದ. ಕ್ಲಾಸೆಲ್ಲ ನಕ್ಕಿತ್ತು. ನಾವೂ ನಕ್ಕಿದ್ವಿ, ಆದರೆ ನಮಗೆ ನೆನಪೇ ಇರಲಿಲ್ಲ. ಅವನಿಗೆ ದಿನಾಂಕ ಸಮೇತ ನೆನಪಿತ್ತು. ಅವತ್ತಿಂದ ಕಾಲೇಜಲ್ಲಿ ‘ಇದೆ’, ಊರಿಗೆ ಹೋಗೋ ಬಸ್ ಹತ್ತಿದ ಮೇಲೆ ‘ಐತೆ’. ಹಾಬ್ಸ್ ಹೇಳಿದ್ದು ಪುಸ್ತಕದ ಮಾತು ಅಂದುಕೊಂಡಿದ್ದ ನಮಗೆ ಅದು ನಮ್ಮ ಬೆಂಚಿನಲ್ಲೇ ಕೂತಿತ್ತು ಅಂತ ಗೊತ್ತಾಯ್ತು.

ಎರಡನೇ ಪ್ರಶ್ನೆ: ಯಾವುದು ಯಾವುದಕ್ಕೆ ತಾಳೆ ಆಗ್ತಿಲ್ಲ?

ಇದು ಅಸಂಗತಿಯ ಸಿದ್ಧಾಂತ. ಜರ್ಮನಿಯ ಇಮ್ಯಾನುಯೆಲ್ ಕಾಂಟ್ 1790ರಲ್ಲಿ ಹೇಳಿದ್ದರ ಸಾರ ಇಷ್ಟು: ಮನಸ್ಸು ಏನನ್ನೋ ನಿರೀಕ್ಷಿಸುತ್ತಾ ಬಿಗಿಯಾಗುತ್ತೆ, ಆ ನಿರೀಕ್ಷೆ ಫಕ್ಕನೆ ಏನೂ ಇಲ್ಲದಂತಾದಾಗ ನಗು ಬರುತ್ತೆ. ಆಮೇಲೆ ಬಂದ ಶೋಪೆನ್‌ಹಾವರ್, ನಮ್ಮ ತಲೆಯೊಳಗಿನ ಕಲ್ಪನೆಗೂ ಕಣ್ಣೆದುರಿನ ವಸ್ತುವಿಗೂ ಹೊಂದಾಣಿಕೆ ತಪ್ಪಿದ್ದು ತಟ್ಟನೆ ಕಾಣೋದೇ ನಗುವಿನ ಮೂಲ ಅಂದ.

ನಮ್ಮ ಕಡೆ ಇದಕ್ಕೆ ಚೆನ್ನಾದ ಪಾಠ 1990ರ ‘ಗಣೇಶನ ಮದುವೆ’. ಫಣಿ ರಾಮಚಂದ್ರ ನಿರ್ದೇಶನ, ಅನಂತ್ ನಾಗ್, ವಿನಯಾ ಪ್ರಸಾದ್ ಜೋಡಿ. ವಠಾರದಲ್ಲಿ ಹಾವು ಮುಂಗುಸಿಯಂತೆ ಕಚ್ಚಾಡುವ ಇಬ್ಬರು, ಬೇರೆ ಹೆಸರಲ್ಲಿ, ಯಾರೆಂದು ತಿಳಿಯದೆ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿರ್ತಾರೆ. ನಮಗೆ ಎರಡೂ ಗೊತ್ತು, ಅವರಿಗೆ ಗೊತ್ತಿಲ್ಲ. ಪ್ರತಿ ಜಗಳವೂ ಎರಡು ಪಟ್ಟು ನಗು ತರಿಸುತ್ತೆ. ನಕ್ಕು ಮುಗಿದ ಮೇಲೆ ಉಳಿಯೋ ಮಾತು ಬೇರೆ: ದೂರದವರಲ್ಲಿ ಕಾಣುವ ಒಳ್ಳೆಯತನವನ್ನು ಪಕ್ಕದ ಮನೆಯವರಲ್ಲಿ ನೋಡೋ ತಾಳ್ಮೆ ನಮಗಿರಲ್ಲ.

‘ತಿಥಿ’ಯ ಮರಣ ಪತ್ರದ ಸೀನೂ ಇದೇ ಲೆಕ್ಕ. ಮನುಷ್ಯ ಕಣ್ಣೆದುರು ನಡೆದಾಡ್ತಿದ್ದಾನೆ, ಕಾಗದದಲ್ಲಿ ಸತ್ತಿದ್ದಾನೆ. ಎರಡೂ ತಾಳೆ ಆಗಲ್ಲ. ನಮಗೆ ನಗು ಬಂದಿದ್ದು ಅದಕ್ಕೇ. ಆದರೆ ಆ ಅಸಂಗತಿ ಅಜ್ಜಿಗೂ ಕಾಣ್ತಿತ್ತಲ್ಲ, ಅವರು ಯಾಕೆ ನಗಲಿಲ್ಲ? ಈ ಪ್ರಶ್ನೆ ಹಾಗೇ ಇಟ್ಟುಕೊಂಡಿರಿ, ಸ್ವಲ್ಪ ಮುಂದೆ ಉತ್ತರ ಇದೆ.

ಮೂರನೇ ಪ್ರಶ್ನೆ: ಯಾವ ಭಾರ ಇಳೀತು?

ಇದು ಬಿಡುಗಡೆಯ ಸಿದ್ಧಾಂತ. ನಮ್ಮಂಥ ಎಂಜಿನಿಯರಿಂಗ್‌ನವರಿಗೆ ಬೇಗ ಅರ್ಥ ಆಗುವಂಥದ್ದು, ಯಾಕಂದ್ರೆ ಇದು ಕುಕ್ಕರ್ ಸೀಟಿಯ ತತ್ವ. ಒಳಗೆ ಕಟ್ಟಿಕೊಂಡ ನರಗಳ ಶಕ್ತಿ ಹೊರಹೋಗುವ ದಾರಿಯೇ ನಗು ಅಂತ ಹರ್ಬರ್ಟ್ ಸ್ಪೆನ್ಸರ್ 1860ರಲ್ಲಿ ಬರೆದ. ನಾವು ಅದುಮಿಟ್ಟುಕೊಂಡಿದ್ದನ್ನು ಜೋಕು ಹೊರಗೆ ಬಿಡುತ್ತೆ ಅಂತ ಫ್ರಾಯ್ಡ್ 1905ರಲ್ಲಿ ಒಂದು ಪುಸ್ತಕವನ್ನೇ ಬರೆದ.

ಇದಕ್ಕೆ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ತಿಪಟೂರಿನಲ್ಲಿ ಹುಟ್ಟಿದ ನರಸಿಂಹರಾಜು ಗುಬ್ಬಿ ಕಂಪನಿಯಲ್ಲಿ ಪಳಗಿ, 1954ರ ‘ಬೇಡರ ಕಣ್ಣಪ್ಪ’ದಿಂದ ಸಿನಿಮಾಕ್ಕೆ ಬಂದವರು. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಅವರದು ನಕ್ಷತ್ರಿಕನ ಪಾತ್ರ. ರಾಜ್ಯ, ಹೆಂಡತಿ, ಮಗ ಎಲ್ಲವನ್ನೂ ಕಳೆದುಕೊಳ್ಳುವ ಹರಿಶ್ಚಂದ್ರನ ಕಥೆಯನ್ನು ನಗುವಿಲ್ಲದೆ ಪೂರ್ತಿ ನೋಡೋದು ಕಷ್ಟ. ಅಲ್ಲಿ ನಕ್ಷತ್ರಿಕ ಬಂದಾಗ ನೋಡುಗರಿಗೆ ಉಸಿರಾಡೋಕೆ ಜಾಗ ಸಿಗುತ್ತೆ. ಆದರೆ ಗಮನಿಸಿ, ನಮ್ಮನ್ನು ನಗಿಸ್ತಿರೋ ಈ ನಕ್ಷತ್ರಿಕನೇ ಹರಿಶ್ಚಂದ್ರನ ಹಿಂದೆ ಬಿದ್ದು ಸಾಲ ವಸೂಲಿ ಮಾಡೋನು. ನಮ್ಮ ಭಾರ ಇಳಿಸುತ್ತಲೇ ಅವನ ಭಾರ ಏರಿಸ್ತಾನೆ. ಇಂದಿಗೂ ಬಿಡದೆ ಕಾಡುವವರನ್ನು ಮನೆಗಳಲ್ಲಿ ‘ನಕ್ಷತ್ರಿಕ’ ಅಂತ ಬೈಯೋದುಂಟು.

ಅಜ್ಜಿಯ ಮೊದಲ ನಗುವೂ ಇದೇ ಬಗೆಯದು. ನಮಗೆ ಸಾವು ಅಂದ್ರೆ ಸ್ಟೇಟಸ್ಸಿಗೆ ಕಪ್ಪು ಫೋಟೊ ಹಾಕೋ ವಿಷಯ. ಅವರು ಎಷ್ಟೋ ಸಾವು ನೋಡಿದವರು. ಯಾಕಜ್ಜಿ ನಕ್ಕಿದ್ದು ಅಂತ ಕೇಳಿದ್ದಕ್ಕೆ, “ನೂರೊಂದು ವರ್ಸ ಬದುಕವ್ನೆ, ಇನ್ನೇನು ಅಳಾದು? ಮಗನೇ ಮುದುಕ ಆಗವ್ನೆ” ಅಂದರು. ತುಂಬು ವಯಸ್ಸಿನ ಸಾವಿಗೆ ತಮಟೆ ಬಡಿಸಿ, ಹೂವಿನ ಪಲ್ಲಕ್ಕಿ ಕಟ್ಟಿ ಕಳಿಸೋ ಊರಿನವರಿಗೆ ಅಲ್ಲಿ ನಗೋದು ತಪ್ಪಲ್ಲ.

ಯಾರಿಗೆ ಅಪಾಯವಿಲ್ಲ?

ಈಗ ಬಾಕಿ ಇಟ್ಟ ಪ್ರಶ್ನೆ. 2010ರಲ್ಲಿ ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರೆನ್ ಅನ್ನೋ ಸಂಶೋಧಕರು ಒಂದು ಹೊಸ ವಿವರಣೆ ಕೊಟ್ಟರು. ಒಂದು ನಿಯಮ ಮುರಿದಿರಬೇಕು, ಜೊತೆಗೆ ಅದರಿಂದ ಅಪಾಯ ಇಲ್ಲ ಅಂತಲೂ ಅನಿಸಬೇಕು. ಎರಡೂ ಒಟ್ಟಿಗೆ ಇದ್ದರೆ ಮಾತ್ರ ನಗು. ಗೆಳೆಯ ಕಚಗುಳಿ ಇಟ್ಟರೆ ನಗ್ತೀವಿ, ಗುರುತಿಲ್ಲದವರು ಇಟ್ಟರೆ ಕಿರುಚ್ತೀವಿ.

ನಾವು ಇದಕ್ಕೆ ಒಂದೇ ಪದ ಸೇರಿಸ್ತೀವಿ: ಅಪಾಯ ಇಲ್ಲ, ಸರಿ, ಆದರೆ ಯಾರಿಗೆ?

ಗೆಳೆಯನ ಮನೆಯ ಜಮೀನಿನ ಪಹಣಿ ಇನ್ನೂ ಅವನ ಮುತ್ತಾತನ ಹೆಸರಲ್ಲೇ ಇದೆ. ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಜಮೀನು ಬರಬೇಕಾದ್ರೆ ಪೌತಿ ಖಾತೆ ಆಗಬೇಕು. ಅದಾಗೋಕೆ ದಾಯಾದಿಗಳಲ್ಲಿ ಒಮ್ಮತ ಬರಬೇಕು. ಬಂದಿಲ್ಲ. ಅಜ್ಜಿಯ ಗಂಡ ಆ ಕಾಗದಕ್ಕಾಗಿ ಓಡಾಡ್ತಾ ಓಡಾಡ್ತಾನೇ ತೀರಿಕೊಂಡರಂತೆ. ಈಗ ಆ ಓಡಾಟ ಅವನ ಅಪ್ಪನ ಪಾಲಿಗೆ ಬಂದಿದೆ. ‘ತಿಥಿ’ಯ ತಮ್ಮಣ್ಣನ ಕಷ್ಟವೂ ಇದೇ: ಐದು ಎಕರೆ ತಾತನ ಹೆಸರಲ್ಲಿದೆ, ನಡುವೆ ಇರುವ ಅಪ್ಪನಿಗೆ ಅದರ ಗೊಡವೆ ಬೇಡ.

ನಮಗೆ ಆ ಕಾಗದ ಒಂದು ಜೋಕ್ ಆಗಿತ್ತು, ಯಾಕಂದ್ರೆ ನಮ್ಮ ಯಾವ ಕಾಗದವೂ ಹಾಗೆ ಸಿಕ್ಕಿಹಾಕಿಕೊಂಡಿಲ್ಲ. ಅಜ್ಜಿಗೆ ಅದು ಮನೆಯ ವಿಷಯ. ಅವರಿಗೆ ಜೋಕ್ ಅರ್ಥ ಆಗಲಿಲ್ಲ ಅಂತ ನಾವು ಒಂದು ಕ್ಷಣ ಅಂದುಕೊಂಡಿದ್ವಿ. ನಮಗಿಂತ ಚೆನ್ನಾಗಿ ಅರ್ಥ ಆಗಿತ್ತು.

ನಗು ನಿಲ್ಲೋ ಜಾಗ

ಹಾಗಾದ್ರೆ ಹಾಸ್ಯದ ಸಿನಿಮಾದಲ್ಲಿ ‘ಆಳವಾದ ಅರ್ಥ’ ಎಲ್ಲಿರುತ್ತೆ? ಕೊನೆಯಲ್ಲಿ ಯಾರೋ ನಿಂತು ಹೇಳುವ ನೀತಿಪಾಠದಲ್ಲಂತೂ ಅಲ್ಲ. ಹಿಂದೆ ನಕ್ಕಿದ್ದನ್ನು ನಾವೇ ತಿರುಗಿ ನೋಡುವಂತೆ ಮಾಡುವ ಜಾಗದಲ್ಲಿ ಇರುತ್ತೆ ಅಂತ ನಮಗನಿಸಿದೆ.

‘ತಿಥಿ’ಯಲ್ಲಿ ಅಂಥ ಜಾಗ ಒಂದಿದೆ. ಊರು ಬಿಟ್ಟು ಅಲೆಯುವ ಗಡ್ಡಪ್ಪ ಕುರಿಗಾಹಿಗಳ ಜೊತೆ ಸೇರಿಕೊಂಡಿರ್ತಾನೆ. ಅಲ್ಲಿ ತನ್ನ ಸಂಸಾರದ ಹಳೆಯ ನೋವೊಂದನ್ನು ಹೇಳಿಕೊಳ್ತಾನೆ. ಅದೇನು ಅಂತ ನಾವಿಲ್ಲಿ ಬರೆಯಲ್ಲ, ನೋಡದವರು ನೋಡಲಿ. ಅಲ್ಲಿಯವರೆಗೆ ಅವನ ನಿರ್ಲಿಪ್ತತೆ ನಮಗೆ ತಮಾಷೆ. ಅದು ಕೇಳಿದ ಮೇಲೆ, ಅಪ್ಪ ಸತ್ತಾಗ ಅವನು ಅಳದೇ ಇದ್ದದ್ದು ಬೇರೆಯೇ ಆಗಿ ಕಾಣುತ್ತೆ. ಆ ಸೀನಿನಲ್ಲಿ ನಾವು ಐದು ಜನ, ಅಜ್ಜಿ, ಎಲ್ಲರೂ ಒಂದೇ ಸಲ ಸುಮ್ಮನಾದ್ವಿ. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ, “ಓ... ಅದ್ಕೇಯಾ ಅವ್ನು ಅವತ್ತು ಅಳ್ಲಿಲ್ಲ” ಅಂದರು. ಮೊದಲು ನಕ್ಕಿದ್ದವರು ಅವರೇ. ಅವರ ನಗುವನ್ನೂ ಸಿನಿಮಾ ತಿದ್ದಿತ್ತು, ನಮ್ಮದನ್ನೂ ತಿದ್ದಿತ್ತು.

ಭರತನ ನಾಟ್ಯಶಾಸ್ತ್ರದಲ್ಲಿ ಹಾಸ್ಯ ಒಂದು ರಸ. ತಾನೇ ನಗೋದು ಒಂದು ಬಗೆ, ಬೇರೆಯವರನ್ನು ನಗಿಸೋದು ಇನ್ನೊಂದು ಬಗೆ ಅಂತ ಅಲ್ಲಿ ಹೇಳಿದೆ. ತುಟಿಯಂಚಿನ ಸ್ಮಿತದಿಂದ ಹಿಡಿದು ಅಬ್ಬರದ ಅತಿಹಸಿತದವರೆಗೆ ನಗುವಿಗೆ ಆರು ಮೆಟ್ಟಿಲುಗಳೂ ಇವೆ. ನಾವು ಅವತ್ತು ಅತಿಹಸಿತದಲ್ಲಿ ಶುರು ಮಾಡಿ ಸ್ಮಿತಕ್ಕೆ ಇಳಿದಿದ್ವಿ.

ನೀವೂ ಮಾಡಿ ನೋಡಿ

ಒಂದು ಸಣ್ಣ ಅಸೈನ್‌ಮೆಂಟ್, ಮಾರ್ಕ್ಸ್ ಇಲ್ಲ. ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಆಗಬಹುದು, ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಆಗಬಹುದು, ನಿಮಗಿಷ್ಟವಾದ ಒಂದು ಕಾಮಿಡಿ ಸಿನಿಮಾ ಆರಿಸಿ. ಒಬ್ಬರೇ ಇಯರ್‌ಫೋನ್ ಹಾಕ್ಕೊಂಡು ನೋಡಬೇಡಿ. ನಿಮಗಿಂತ ಬೇರೆ ವಯಸ್ಸಿನವರ ಜೊತೆ, ಆದರೆ ಬೇರೆ ಊರಿನವರ ಜೊತೆ ಕೂತು ನೋಡಿ. ಯಾವ ನಿಮಿಷದಲ್ಲಿ ನೀವು ನಕ್ಕಿರಿ, ಯಾವಾಗ ಅವರು ನಕ್ಕರು, ಬರೆದಿಟ್ಟುಕೊಳ್ಳಿ. ತಾಳೆ ಆಗದ ಕಡೆಯೆಲ್ಲ ಮೂರು ಪ್ರಶ್ನೆ ಕೇಳಿ: ಯಾರಿಗಿಂತ ಮೇಲೆ ನಿಂತಿದ್ದೀನಿ? ಯಾವುದು ತಾಳೆ ಆಗ್ತಿಲ್ಲ? ಯಾವ ಭಾರ ಇಳೀತು? ಆಮೇಲೆ ಇಬ್ಬರೂ ಒಟ್ಟಿಗೆ ಸುಮ್ಮನಾದ ನಿಮಿಷ ಯಾವುದು ಅಂತ ಹುಡುಕಿ. ಅಲ್ಲಿಂದ ಹಿಂದಕ್ಕೆ ಹೋಗಿ ಇನ್ನೊಂದು ಸಲ ನೋಡಿ.

ಸಿದ್ಧಾಂತ ಗೊತ್ತಾದ್ರೆ ನಗು ಹೋಗಿಬಿಡುತ್ತೆ ಅಂತ ಕೆಲವರು ಹೆದರಿಸ್ತಾರೆ. ನಮಗೇನೂ ಹಾಗಾಗಿಲ್ಲ, ಸೆಂಚುರಿ ಗೌಡನ ಬೈಗುಳಕ್ಕೆ ಇವತ್ತಿಗೂ ಮೊದಲಿನಷ್ಟೇ ನಗ್ತೀವಿ. ನಗುವಾಗ ಪಕ್ಕದಲ್ಲಿ ಯಾರಿದ್ದಾರೆ ಅಂತ ಒಂದು ಸಲ ತಿರುಗಿ ನೋಡೋ ಅಭ್ಯಾಸ ಮಾತ್ರ ಹೊಸದು.

ಊರ್ಡಿಗೆರೆಯ ಮನೆಯ ಪೌತಿ ಖಾತೆ ಇನ್ನೂ ಆಗಿಲ್ಲ. ಗೆಳೆಯ ಈಗ ನಮ್ಮ ಜೊತೆ ಕ್ಯಾಂಟೀನಿನಲ್ಲಿ ‘ಐತೆ’ ಅಂತಾನೆ. ಕ್ಲಾಸಿನಲ್ಲಿ ಇನ್ನೂ ಇಲ್ಲ. ನಿಮ್ಮ ಪಟ್ಟಿ ಸಿದ್ಧವಾದ ಮೇಲೆ ಕ್ಲಬ್ಬಿಗೆ ತಂದುಕೊಡಿ, ಒಟ್ಟಿಗೆ ಕೂತು ಚರ್ಚೆ ಮಾಡೋಣ.